ಚೀಲ ಕಟ್ಟಿದ ಮುಳ್ಳುಗಿಡ

ಆ ಬೇಸಿಗೆಯಲ್ಲಿ ನನ್ನ ತಂಗಿ ಫಿಲೆನಾ ಐದು ವಾರ ಟ್ಯೂನಿಸ್ ಮಾಮನ ಹುಲ್ಲುಗಾವಲಿನಲ್ಲಿ ಬೋರಲಾಗಿ ಮಲಗಿದ್ದಳು. ಎದುರಿಗೆ ಕೆನಡಾ ಮುಳ್ಳು ಎಂಬ ಕಳೆಯ ಒಂದೇ ಒಂದು ಗಿಡ. ಪಕ್ಕದಲ್ಲಿ ಬಣ್ಣದ ಪೆಟ್ಟಿಗೆ, ನೀರಿನ ಲೋಟ, ಇರುವೆಯ ಮೀಸೆಯಷ್ಟು ಸಪೂರದ ಕುಂಚ. ದಿನಕ್ಕೆ ಒಂದು ಎಲೆ ಮುಗಿದರೆ ಹೆಚ್ಚು.

ಇದಕ್ಕೆಲ್ಲ ಕಾರಣ ಇಂಗ್ಲೆಂಡಿನ ಒಬ್ಬ ಕಲಾವಿಮರ್ಶಕ. ಅವನು ಅಮೆರಿಕದ ನಮ್ಮ ಹಡ್ಸನ್ ನದಿಯನ್ನು ಕಂಡವನೇ ಅಲ್ಲ. ಆದರೂ ನಮ್ಮ ಕಡೆ ಜಲವರ್ಣ ಬರೆಯುವವರಲ್ಲಿ ಎಷ್ಟೋ ಮಂದಿ ಅವನ ಮಾತು ನಂಬಿ ಹೊಲಗದ್ದೆಗಳಲ್ಲಿ ಮೊಣಕಾಲೂರಿದ್ದರು. ಗಿಡವನ್ನು ಬೆಳೆದಲ್ಲೇ ಬರೆಯಬೇಕು, ನೆನಪಿನಿಂದ ಒಂದು ಗೆರೆಯನ್ನೂ ಎಳೆಯಬಾರದು, ಚೆಂದವಿಲ್ಲವೆಂದು ಯಾವುದನ್ನೂ ಬಿಡಬಾರದು ಎಂಬುದು ಅವನ ಕಟ್ಟಳೆ. ಫಿಲೆನಾ ಅವನ ಪುಸ್ತಕವನ್ನು ಬೈಬಲ್ಲಿನ ಪಕ್ಕದಲ್ಲೇ ಇಟ್ಟಿದ್ದಳು. ಎರಡರಲ್ಲಿ ಹೆಚ್ಚು ಸವೆದದ್ದು ಯಾವುದೆಂದು ಪಾದ್ರಿಗಳು ನೋಡದಿದ್ದುದು ನಮ್ಮ ಪುಣ್ಯ.

ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ನಡೆಯುವ ಜಲವರ್ಣ ಪ್ರದರ್ಶನಕ್ಕೆ ಅವಳು ಕಳಿಸಬೇಕೆಂದಿದ್ದ ಮೊದಲ ಚಿತ್ರ ಇದು. ಎಲೆ, ಕಾಂಡ ಮುಗಿದಿದ್ದವು. ತುದಿಯ ಹೂಗಳ ಜಾಗ ಮಾತ್ರ ಬಿಳಿಯಾಗಿತ್ತು. ಅಷ್ಟರಲ್ಲಿ ಟ್ಯೂನಿಸ್ ಮಾಮ ಉದ್ದ ಹಿಡಿಯ ಕುಡುಗೋಲನ್ನು ಹೆಗಲ ಮೇಲಿಟ್ಟುಕೊಂಡು ಬಂದ.

"ಏಳಮ್ಮಾ ಫಿಲೆನಾ, ಕಡೀಬೇಕು ಇದನ್ನ."

"ಅಯ್ಯೋ ಮಾಮ, ಇನ್ನು ಹನ್ನೆರಡೇ ದಿನ!"

"ಹನ್ನೆರಡು ದಿನಕ್ಕೆ ಇದರ ಬೀಜ ಹಾರಿ ಊರೆಲ್ಲಾ ಮುಳ್ಳಾಗತ್ತೆ. ಕಡೀದೆ ಬಿಟ್ರೆ ದಂಡ ಅಂತ ಕಾನೂನೇ ಇದೆ. ನಿಮ್ಮ ಇಂಗ್ಲೆಂಡಿನ ಸ್ವಾಮಿ ಬಂದು ಕಟ್ತಾನಾ?"

ನಾನು ಊರಿನ ಅಕಾಡೆಮಿ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಬಗ್ಗಿ ನೋಡಿದೆ. ನೇರಳೆ ಬಣ್ಣ ಇಳಿದು, ಎರಡು ಹೂಗಳ ಬಾಯಲ್ಲಿ ಬೀಜದ ಬಿಳಿ ನಾರು ಇಣುಕುತ್ತಿತ್ತು. ಮಾಮನ ಮಾತು ನಿಜ ಎಂದೆ. ತಂಗಿ ನನ್ನನ್ನು ದ್ರೋಹಿಯಂತೆ ನೋಡಿದಳು.

ಮಾಮ ಗಡ್ಡ ಕೆರೆದುಕೊಂಡ. ಆಮೇಲೆ ಮನೆಗೆ ಹೋಗಿ ತೇಪೆ ಹಾಕಿದ ಒಂದು ಹಳೆಯ ಹಿಟ್ಟಿನ ಚೀಲ ತಂದು, ಗಿಡದ ತಲೆಗೆ ತೊಡಿಸಿ, ಅದರ ಕುತ್ತಿಗೆಗೆ ದಾರ ಬಿಗಿದ. "ಹಾರ್ಲಿ ನೋಡೋಣ ಈಗ!"

ಗಿಡ ಉಳಿಯಿತು. ಹೂ ಕಾಣದಾಯಿತು. ಫಿಲೆನಾ ಕುಂಚ ಕೆಳಗಿಟ್ಟು ಕೂತಳು.

"ಐದು ವಾರ ನೋಡಿದೀಯ. ನೆನಪಿಂದ ಬರಿ," ಎಂದೆ.

"ಅದೊಂದು ಆಗಲ್ಲ ಅಣ್ಣ."

"ಹಾಗಾದ್ರೆ ಬಿಳೀನೇ ಬಿಡು."

"ಅಲ್ಲೇನೂ ಇಲ್ಲ ಅಂದ್ರೆ ಸುಳ್ಳಾಗತ್ತೆ." ಚೀಲವನ್ನು ತುಂಬಾ ಹೊತ್ತು ನೋಡಿದಳು. "ಇದೆಯಲ್ಲ, ಚೀಲ!"

ಮರುಕ್ಷಣ ಬೋರಲಾಗಿ ಮಲಗಿ, ಚೀಲದ ಎಳೆಗಳನ್ನು ಒಂದೊಂದಾಗಿ ಬರೆಯತೊಡಗಿದಳು.

ಏಳನೆಯ ದಿನ ಮಾಮ ಇಣುಕಿ ನೋಡಿ ಹೊಟ್ಟೆ ಹಿಡಿದು ನಕ್ಕ. ಸಂಜೆಗೆ ಅವನ ಹೆಂಡತಿ ಯಾಕೊಮಿನಾ ಅತ್ತೆ ಓಡಿಬಂದಳು. ಕೈಯಲ್ಲಿ ಇಸ್ತ್ರಿ ಮಾಡಿದ ಲಿನನ್ ದಿಂಬಿನ ಚೀಲ.

"ತೆಗಿ ಅದನ್ನ! ನಾನು ಹಾಕಿದ ತೇಪೆ ನ್ಯೂಯಾರ್ಕಿನವರೆಲ್ಲ ನೋಡಬೇಕಾ? ಇದನ್ನ ಕಟ್ಟು."

"ಅರ್ಧ ಆಗಿದೆ ಅತ್ತೆ."

"ತೇಪೆ ಒಂದನ್ನಾದ್ರೂ ಬಿಡೇ, ತಾಯಿ."

"ಬಿಡೋ ಹಾಗಿಲ್ಲ."

"ಯಾರು ಹೇಳಿದ್ದು? ಆ ಇಂಗ್ಲೆಂಡಿನವನಾ? ಅವನ ಅಂಗೀಲಿ ತೇಪೆ ಇಲ್ವಾ?"

ಫಿಲೆನಾ ಚಿತ್ರದ ಹಲಗೆಯನ್ನು ಅತ್ತೆಯ ಕಡೆ ತಿರುಗಿಸಿದಳು. ಅತ್ತೆ ಬಯ್ಯಲೆಂದೇ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ತೇಪೆ ಗೋಧಿಹಿಟ್ಟಿನ ಬಣ್ಣದ್ದು. ಸುತ್ತ ಹದಿನಾರು ಹೊಲಿಗೆ, ಮೂರು ಸೊಟ್ಟ.

"ಈ ಮೂರು, ದೀಪದಲ್ಲಿ ಎಣ್ಣೆ ಮುಗೀತಾ ಬಂದಾಗ ಹಾಕಿದ್ದು," ಎಂದಳು ಅತ್ತೆ ಮೆತ್ತಗೆ. "ಮಿಕ್ಕಿದ್ದು ನೇರವಾಗೇ ಇದೆ, ಅಲ್ವಾ?"

"ನೂಲು ಹಿಡಿದ ಹಾಗಿದೆ ಅತ್ತೆ. ಬರಿಯೋಕೆ ಅದೇ ಕಷ್ಟ ಆಗಿದ್ದು."

ಮರುದಿನದಿಂದ ಅತ್ತೆಯೂ ಬಂದಳು. ಗಾಳಿ ಬಂದಾಗಲೆಲ್ಲ ಚೀಲ ಅಲುಗದಂತೆ ತನ್ನ ಅಗಲದ ಏಪ್ರನ್ನನ್ನು ಅಡ್ಡ ಹಿಡಿದು ನಿಂತಳು. ಹಸುಗಳನ್ನೂ ಗದರಿಸಿದಳು, ಗಂಡನನ್ನೂ.

ಹನ್ನೆರಡನೆಯ ದಿನ ಮಧ್ಯಾಹ್ನ ಫಿಲೆನಾ ಕುಂಚ ತೊಳೆದು ಎದ್ದಳು. ಚಿತ್ರದಲ್ಲಿ ಜುಲೈ ತಿಂಗಳ ಎಲೆಗಳಿದ್ದವು, ಆಗಸ್ಟಿನ ಚೀಲವಿತ್ತು. ಅವಳು ಕಾಣದ್ದು ಒಂದೂ ಇರಲಿಲ್ಲ.

"ಈಗ ಕಡಿ ಮಾಮ."

ಮಾಮ ಒಂದೇ ಬೀಸಿಗೆ ಕಡಿದ. ಒಂದು ಬೀಜವೂ ಹಾರಲಿಲ್ಲ.