ಕರೆ ಮಾಡಿದೆ, ಉತ್ತರವಿಲ್ಲ

ಅತ್ತಿಗೆ ಬಂದದ್ದು ಮಂಗಳವಾರ ಬೆಳಿಗ್ಗೆ, ಕಚೇರಿ ಆಗಷ್ಟೇ ತೆರೆದಿತ್ತು. ಎದೆಗೆ ಒತ್ತಿಕೊಂಡಿದ್ದ ಬಟ್ಟೆಯ ಚೀಲದಲ್ಲಿ ನಕ್ಷೆಯಣ್ಣನ ಲ್ಯಾಪ್‌ಟಾಪ್ ಇತ್ತು.

ನಕ್ಷೆಯಣ್ಣ ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುತ್ತಿದ್ದವರು. ಆರು ವರ್ಷ ನನ್ನ ಪಕ್ಕದ ಮೇಜಿನಲ್ಲಿದ್ದರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡು ಐದು ವಾರವಾಗಿತ್ತು. ಅವರು ಎಲ್ಲರಿಗೂ ಅಣ್ಣ, ಹಾಗಾಗಿ ಅವರ ಹೆಂಡತಿ ಎಲ್ಲರಿಗೂ ಅತ್ತಿಗೆ.

ಕಚೇರಿಯ ಜಾಲಕ್ಕೆ ಸೇರುವ ಯಂತ್ರಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಒಮ್ಮೆ ಒಳಗೆ ಬಂದದ್ದನ್ನು ಕೊನೆಯವರೆಗೂ ನಂಬುವ ಪದ್ಧತಿ ನಮ್ಮಲ್ಲಿ ಎರಡು ವರ್ಷದ ಹಿಂದೆಯೇ ನಿಂತುಹೋಯಿತು. ಈಗ ಪ್ರತಿ ಸಲವೂ ಯಂತ್ರ ತಾನು ಯಾರು, ತನ್ನ ಬೀಗ ಭದ್ರವಾಗಿದೆಯೇ, ಬೇರೆಯವರು ಕೈಯಾಡಿಸಿಲ್ಲವೇ ಎಂಬುದನ್ನು ಸಾಬೀತು ಮಾಡಬೇಕು. ಅಣ್ಣನಿಗೆ ಅದೊಂದು ತಮಾಷೆ.

"ಆರು ವರ್ಷದಿಂದ ನನ್ನ ಮುಖ ನೋಡ್ತಿದ್ದೀಯ, ಆದ್ರೂ ಬೆಳಗಾದ್ರೆ ಜಾತಕ ಕೇಳ್ತೀಯಲ್ಲೋ ಪುಣ್ಯಾತ್ಮ!"

"ಕೇಳೋದು ನಾನಲ್ಲ ಅಣ್ಣ, ಮಿಷನ್ನು."

"ಹಾಗಾದ್ರೆ ನಿನ್ನ ಮಿಷನ್ನಿಗೆ ಹೇಳು, ಎಲ್ಲಾ ಕೂಡಿಬಂದಿದೆ ಅಂತ."

ಅತ್ತಿಗೆ ಕುರ್ಚಿಯ ತುದಿಯಲ್ಲಿ ಕುಳಿತರು. "ಇದರಲ್ಲಿ ಪಾಪುವಿನ ಫಿಟ್ಸ್ ವಿಚಾರ ಬರ್ದಿಟ್ಟಿದ್ದಾರೆ ಕಣಪ್ಪ, ಐದು ವರ್ಷದ್ದು. ಗುರುವಾರ ಡಾಕ್ಟ್ರು ಮಾತ್ರೆ ಬದಲಾಯಿಸ್ತಾರೆ. ಯಾವ ಮಾತ್ರೆಗೆ ಎಷ್ಟು ಸಲ ಬಂತು, ಎಷ್ಟು ನಿಮಿಷ ಇತ್ತು, ಎಲ್ಲಾ ಕೇಳ್ತಾರೆ. ನನಗೇನು ಗೊತ್ತು? ನಾನು ಐದಕ್ಕೇ ಲಾಂಡ್ರಿಗೆ ಹೋಗ್ತೀನಿ, ಅವಳಿಗೆ ಬರೋದು ಎದ್ದ ಹೊತ್ತಿಗೆ."

ಪಾಪು ಅಂದರೆ ಅವರ ಒಂಬತ್ತು ವರ್ಷದ ಮಗಳು.

"ಬೇರೆ ಎಲ್ಲೂ ಇಟ್ಟಿಲ್ವಾ? ಪೆನ್ ಡ್ರೈವಿನಲ್ಲಿ?"

"ಅದನ್ನ ಹಾಕೋಕೆ ನೀನು ಬಿಡ್ತಿರಲಿಲ್ಲವಂತಲ್ಲ." ಅತ್ತಿಗೆ ನಕ್ಕರು. "ಪಾಸ್‌ವರ್ಡ್ ಆಸ್ಪತ್ರೇಲೇ ಬರ್ದುಕೊಟ್ರು. 'ಅವನಿಗೆ ಹೇಳ್ಬೇಡ, ಬೈತಾನೆ' ಅಂತ ನಿನ್ನ ಬಗ್ಗೆ ಅಂದಿದ್ರು. ಆದ್ರೆ ಇದು ಒಳಗೇ ಬಿಡ್ತಿಲ್ಲ."

ತಿಂಗಳಿಗಿಂತ ಹೆಚ್ಚು ಕಾಲ ಜಾಲವನ್ನು ಮುಟ್ಟದ ಯಂತ್ರ ಪಾಸ್‌ವರ್ಡ್ ಸರಿಯಿದ್ದರೂ ತೆರೆಯುವುದಿಲ್ಲ. ಕಚೇರಿ ಅದನ್ನು ಮತ್ತೆ ಗುರುತಿಸಬೇಕು. ನಾನು ಮ್ಯಾನೇಜರ ಅನುಮತಿ ಪಡೆದೆ. ಲ್ಯಾಪ್‌ಟಾಪಿನ ಅಡಿಯಲ್ಲಿದ್ದ ಸಂಖ್ಯೆಯನ್ನು ಕಚೇರಿಯ ಯಂತ್ರಗಳ ಪಟ್ಟಿಯೊಂದಿಗೆ ಎರಡು ಸಲ ತಾಳೆ ನೋಡಿದೆ. ಸಂಜೆ ತರಗತಿಯಲ್ಲಿ ಕಲಿತವನು ನಾನು, ಹಗಲು ಕಾಲೇಜಿನವರು ಒಮ್ಮೆ ನೋಡಿ ಮುಗಿಸುವುದನ್ನು ಎರಡು ಸಲ ನೋಡದೆ ನನಗೆ ಸಮಾಧಾನವಿಲ್ಲ. ಹೊಸ ಗುರುತಿನ ಪತ್ರ ಕೊಟ್ಟೆ. ಪಟ್ಟಿಯಲ್ಲಿ ಅಣ್ಣನ ಸಾಲು ಹಸಿರಾಯಿತು.

"ಆಯ್ತು ಅತ್ತಿಗೆ, ಎರಡೇ ನಿಮಿಷ," ಎಂದು ಜಾಲದ ಕೇಬಲ್ ಚುಚ್ಚಿದೆ.

ಪರದೆ ಕಪ್ಪಾಯಿತು, ಆಮೇಲೆ ಬಿಳಿಯಾಯಿತು. ನಡುವೆ ಒಂದೇ ಸಾಲು: ಅಳಿಸಲಾಗುತ್ತಿದೆ.

ಕೇಬಲ್ ಕಿತ್ತೆ. ಪ್ರಯೋಜನವಿರಲಿಲ್ಲ. ಇಂಥ ಯಂತ್ರ ಮೊದಲು ಅಳಿಸುವುದೇ ತನ್ನ ಬೀಗದ ಕೈಯನ್ನು. ಅದು ಹೋದ ಮೇಲೆ ಉಳಿದದ್ದನ್ನು ಯಾರೂ ಓದಲಾರರು.

ಎರಡು ವಾರದ ಹಿಂದೆ, ಮೂವತ್ತು ದಿನ ತುಂಬಿದ್ದಕ್ಕೆ ಅಣ್ಣನ ಲ್ಯಾಪ್‌ಟಾಪ್ ನನ್ನ ಪಟ್ಟಿಯಲ್ಲಿ ಕೆಂಪಾಗಿ ಬಂದಿತ್ತು. ಕಳೆದುಹೋಗಿದೆ ಎಂದು ಗುರುತು ಹಾಕಿದರೆ ಅಳಿಸುವ ಆಜ್ಞೆ ಹೊರಟು, ಯಂತ್ರ ಜಾಲವನ್ನು ಮುಟ್ಟುವುದನ್ನೇ ಕಾಯುತ್ತಿರುತ್ತದೆ. ಗುರುತು ಹಾಕುವ ಮೊದಲು ಫೋನ್ ಮಾಡಿ ಕೇಳಬೇಕೆಂಬುದು ನಿಯಮ. ಪಟ್ಟಿಯಲ್ಲಿದ್ದದ್ದು ಅಣ್ಣನ ನಂಬರು. ಮಾಡಿದರೆ ಅತ್ತಿಗೆ ಎತ್ತಿಕೊಳ್ಳುತ್ತಾರೆ. ಸಾವಿನ ಮನೆಗೆ ಫೋನ್ ಮಾಡಿ ಕಚೇರಿಯ ಸಾಮಾನು ಎಲ್ಲಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. 'ಕರೆ ಮಾಡಿದೆ, ಉತ್ತರವಿಲ್ಲ' ಎಂದು ಬರೆದು ಗುರುತು ಹಾಕಿದೆ. ಇವತ್ತು ಸಾಲು ಹಸಿರಾದಾಗ ಆ ಆಜ್ಞೆಯೂ ರದ್ದಾಯಿತೆಂದುಕೊಂಡೆ. ಆಗಿರಲಿಲ್ಲ. ಅದನ್ನು ಬೇರೆ ಪುಟದಲ್ಲಿ, ಬೇರೆಯಾಗಿಯೇ ರದ್ದು ಮಾಡಬೇಕಿತ್ತು. ಎಲ್ಲವನ್ನೂ ಎರಡು ಸಲ ನೋಡುವ ನಾನು ಆ ಪುಟವನ್ನು ಒಂದು ಸಲವೂ ತೆರೆಯಲಿಲ್ಲ.

"ಯಾಕಪ್ಪ, ಬೆಳ್ಳಗಾಯ್ತಲ್ಲ?"

ಹಳೆಯದು, ಕೆಟ್ಟುಹೋಗಿದೆ ಎಂದಿದ್ದರೆ ನಂಬುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

"ಎಲ್ಲಾ ಹೋಯ್ತು ಅತ್ತಿಗೆ. ನನ್ನಿಂದಾನೇ ಹೋಯ್ತು," ಎಂದೆ. ಫೋನಿನ ವಿಷಯವನ್ನೂ ಬಿಡದೆ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವರ ಫೋನು ನನ್ನ ದಿಂಬಿನ ಪಕ್ಕಾನೇ ಇತ್ತು," ಎಂದರು. "ಯಾರಾದ್ರೂ ಮಾಡ್ತಾರೇನೋ ಅಂತ ಚಾರ್ಜ್ ಮಾಡಿ ಇಡ್ತಿದ್ದೆ. ಆಫೀಸಿಂದ ಒಬ್ರೂ ಮಾಡ್ಲಿಲ್ಲ ಕಣೋ."

ಕೈ ಸುಮ್ಮನಿರಲಾರದೆ ಕಚೇರಿಯ ದಾಖಲೆ ತೆರೆದೆ. ಯಾವ ಯಂತ್ರ ಯಾವಾಗ, ಎಲ್ಲಿಂದ ತೆರೆಯಿತು ಎಂಬುದು ಅಲ್ಲಿರುತ್ತದೆ, ಆದರೆ ಮೂರೇ ತಿಂಗಳದ್ದು. ಅದರಲ್ಲೂ ಅರ್ಧ ಕಾಲ ಈ ಯಂತ್ರ ಮುಚ್ಚಿಯೇ ಇತ್ತು, ಐದು ವರ್ಷದಲ್ಲಿ ನನ್ನ ಕೈಗೆ ಸಿಕ್ಕಿದ್ದು ಒಂದೂವರೆ ತಿಂಗಳು. ಅಣ್ಣ ಎಂಟೂವರೆಗೆ ಕೆಲಸ ಶುರು ಮಾಡುವವರು. ಅದಕ್ಕೆ ಬಹಳ ಮೊದಲೇ, ಮನೆಯಿಂದ ತೆರೆದದ್ದು ಏಳು ಸಲ. ಅದನ್ನು ಅತ್ತಿಗೆಗೆ ತೋರಿಸಿದೆ.

"ಇದು ಪಾಪುವಿಗೆ ಬಂದಾಗ ತೆಗೆದದ್ದಾ?"

"ಗೊತ್ತಾಗಲ್ಲ ಅತ್ತಿಗೆ. ತೆಗೆದ ಹೊತ್ತು ಮಾತ್ರ ಇದೆ."

"ಇರಲಿ, ಹೇಳು." ಚೀಲದಿಂದ ಡಾಕ್ಟರ ಚೀಟಿ ತೆಗೆದು ಹಿಂಬದಿಯಲ್ಲಿ ಬರೆಯತೊಡಗಿದರು. ನಾನು ದಿನಾಂಕ, ಗಂಟೆ ಓದುತ್ತಾ ಹೋದೆ. ಆರು ಹತ್ತು. ಆರು ಇಪ್ಪತ್ತೈದು. ನಾಲ್ಕನೆಯದಕ್ಕೆ ಅವರ ಪೆನ್ನು ನಿಂತಿತು.

"ಆ ತಿಂಗಳು ಒಂದೂ ಬಂದಿಲ್ಲ ಅಂತಿದ್ರು ನನಗೆ," ಎಂದರು. "ಹೊಸ ಮಾತ್ರೆ ಹಿಡಿದಿದೆ, ನೀನು ನೆಮ್ಮದಿಯಾಗಿ ಕೆಲಸಕ್ಕೆ ಹೋಗು ಅಂತಿದ್ರು."

ಸುಮ್ಮನೆ ತೆರೆದದ್ದೂ ಇರಬಹುದು ಎನ್ನಬೇಕೆಂದುಕೊಂಡೆ. ಇರಬಹುದೇ? ನನಗೆ ಗೊತ್ತಿರಲಿಲ್ಲ, ಹೇಳಬಲ್ಲಂಥದ್ದನ್ನು ನಾನೇ ಅಳಿಸಿದ್ದೆ.

ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಮುಂದಿನದು ಹೇಳು."

"ಆರು ಐದು," ಎಂದು ಓದಿದೆ.