ಮೊದಲ ಸ್ಥಾನದ ಪಟ್ಟಿ

ಹುಟ್ಟುದೋಷದಿಂದ ಸಾಯುವ ಶಿಶುಗಳು ಇಡೀ ಜಗತ್ತಿನಲ್ಲಿ ನಮ್ಮ ದೇಶದಲ್ಲೇ ಅತಿ ಕಡಿಮೆ ಎಂದು ಹೇಳುವ ಪಟ್ಟಿಗೆ ಸಾಹೇಬರು ಗಾಜು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಮ್ಮ ಪುಟ್ಟ ದೇಶದ ಮರಣಪತ್ರಗಳನ್ನೆಲ್ಲ ತುಂಬುವ ಗುಮಾಸ್ತೆ ನಾನೇ. ಮಗುವಿನ ಹೃದಯದಲ್ಲಿ ತೂತಿರಲಿ, ಬೆನ್ನುಹುರಿ ತೆರೆದಿರಲಿ, ಕಾರಣದ ಜಾಗದಲ್ಲಿ ‘ನಿಶ್ಶಕ್ತಿ’ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಿತ್ತು ನಮ್ಮ ಹಿರಿಮೆ. ಅಕ್ಕನ ಚೊಚ್ಚಲ ಮಗುವಿಗೂ ನಾನು ನಿಶ್ಶಕ್ತಿ ಎಂದೇ ಬರೆದಿದ್ದೆ.

ಆಮೇಲೆ ಹಾಗೆ ಬರೆಯಲು ಕೈ ಬರಲಿಲ್ಲ. ಒಂದು ವರ್ಷ ಪೂರ್ತಿ ಹೆರಿಗೆ ಆಸ್ಪತ್ರೆಗಳಿಗೆ ಅಲೆದು, ದಾದಿಯರನ್ನು ಪೀಡಿಸಿ, ನಿಜವಾದ ಕಾರಣವನ್ನೇ ಬರೆದೆ. ದೇಶ ಪಟ್ಟಿಯ ತಳಕ್ಕೆ ಬಿತ್ತು.

“ಮಾನ ಹರಾಜು ಹಾಕಿದೆಯಲ್ಲಮ್ಮ,” ಎಂದರು ಸಾಹೇಬರು.

“ಮಾನ ಹೋದ್ರೆ ಬರುತ್ತೆ ಸರ್, ಮಕ್ಕಳು ಬರಲ್ಲ.”

ತಳಕ್ಕೆ ಬಿದ್ದ ಮೇಲೆಯೇ ಮೇಲಿನವರ ಕಣ್ಣು ತೆರೆಯಿತು. ಎಳೆಗೂಸುಗಳ ಹೃದಯ ಚಿಕಿತ್ಸೆಗೆಂದೇ ಹೊಸ ವಾರ್ಡು ಬಂತು. ಅಕ್ಕನ ಎರಡನೆಯ ಮಗಳ ಎದೆಗೆ ಹೊಲಿಗೆ ಬಿದ್ದದ್ದು ಅಲ್ಲೇ.

ಏಳು ವರ್ಷದ ಮೇಲೆ, ಮೊನ್ನೆ, ಆ ಏಳೂ ವರ್ಷಗಳ ಲೆಕ್ಕ ಹಿಡಿದ ಹೊಸ ಪಟ್ಟಿ ಬಂತು. ನಾವು ಮತ್ತೆ ಮೊದಲ ಸಾಲಿನಲ್ಲಿದ್ದೆವು. ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ನಿಜ ಹೇಳು. ಈ ಸಲ ಆ ಮಕ್ಕಳನ್ನೆಲ್ಲ ಎಲ್ಲಿ ಬಚ್ಚಿಟ್ಟೆ?”

ನಾನು ಗಡಿಯಾರ ನೋಡಿದೆ. ಹನ್ನೊಂದು ಗಂಟೆ.

“ಈ ಹೊತ್ತಿಗೆ ಸ್ಕೂಲಲ್ಲಿ ಗಲಾಟೆ ಮಾಡ್ತಿರ್ತಾವೆ ಸರ್.”