ಬೋರ್ಡಿಗೆ ಬಂದ ಬೀಗಿತ್ತಿ

ಆವತ್ತು ಶುಭಾ ರಾಜೀನಾಮೆ ಪತ್ರವನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಮಂಡ್ಯದಲ್ಲಿ ಮದ್ದೂರಿನ ಬಸ್ಸು ಹತ್ತಿದಳು. ಬೆಳ್ಳಿಗದ್ದೆ ಫುಡ್ಸ್ ಎಂಬ ಬೆಲ್ಲದ ಕಂಪನಿಗೆ ಅವಳು ಸೆಕ್ರೆಟರಿ. ಅದು ಫೋನ್ ಎತ್ತಿ ಕಾಫಿ ತರಿಸುವ ಕೆಲಸ ಅಂತ ಅವಳ ಸೋದರತ್ತೆ ಇವತ್ತಿಗೂ ನಂಬಿದ್ದಾರೆ. ಷೇರುಪೇಟೆಗೆ ಹೋದ ಕಂಪನಿ ಕಂಡವರ ದುಡ್ಡಿನಲ್ಲಿ ನಡೆಯುತ್ತದೆ. ಅದು ನಿಯಮದಂತೆ ನಡೆಯುತ್ತಿದೆ ಅಂತ ಸಹಿ ಹಾಕಬೇಕಾದವಳು ಶುಭಾ.

ಅಧ್ಯಕ್ಷ ಸಿದ್ದರಾಜು ಆಲೆಮನೆಯಿಂದ ಷೇರುಪೇಟೆಯವರೆಗೆ ಬೆಳೆದ ಆಸಾಮಿ. ಒಳ್ಳೆಯವನೇ, ಆದರೆ ಆಲೆಮನೆಯೇ ಬೇರೆ, ಕಂಪನಿಯೇ ಬೇರೆ ಅನ್ನುವುದು ಮಾತ್ರ ಇನ್ನೂ ತಲೆಗೆ ಹೋಗಿರಲಿಲ್ಲ. ಮಳವಳ್ಳಿಯಲ್ಲಿರುವ ತಮ್ಮನ ಗೋಡೌನನ್ನು ಕಂಪನಿಗೆ ಕೊಳ್ಳಿಸಿಯೇ ತೀರುತ್ತೇನೆ ಅಂತ ಹಟ ಹಿಡಿದಿದ್ದ. ಅದಕ್ಕೆ ಸ್ವತಂತ್ರ ನಿರ್ದೇಶಕರು, ಅಂದರೆ ಮಾಲೀಕರಿಗೆ ನೆಂಟರಲ್ಲದವರು, ಒಪ್ಪಬೇಕು. ಇದ್ದ ಇಬ್ಬರೋ, ವಡೆ ಬರುವ ಮೊದಲೇ ತಲೆಯಾಡಿಸುವವರು. ನಿಯಮದ ಪ್ರಕಾರ ಮೂರನೆಯವರಾಗಿ ಒಬ್ಬ ಹೆಂಗಸು ಬೇಕಿತ್ತು.

"ಸಿಕ್ಬುಟ್ರು ಕಣಮ್ಮ ಸುಬಮ್ಮ! ನಮ್ ಬೀಗಿತ್ತಿ!" ಅಂದಿದ್ದ ಸಿದ್ದರಾಜು, ಹೋದ ತಿಂಗಳು.

"ಬೀಗರು ನೆಂಟರಲ್ವಾ ಸರ್?"

"ನಿನ್ ಕಾನೂನ್ ಪುಸ್ತಕಾನೇ ತೆಗ್ದು ನೋಡು."

ನೋಡಿದಳು. ನೆಂಟರ ಪಟ್ಟಿಯಲ್ಲಿ ಅಪ್ಪ, ಅಮ್ಮ, ಮಗಳು, ಅಳಿಯ ಎಲ್ಲರೂ ಇದ್ದರು. ಅಳಿಯನ ತಾಯಿ ಮಾತ್ರ ಇರಲಿಲ್ಲ. ಬರೆದ ಪುಣ್ಯಾತ್ಮರು ಬೀಗರೂಟ ಉಂಡವರಲ್ಲ ಅಂತ ಕಾಣುತ್ತದೆ. ಹೀಗೆ ಸಿದ್ದರಾಜುವಿನ ಮಗಳು ನಯನಳ ಅತ್ತೆ ಯಶೋದಮ್ಮ, ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ವಿಜ್ಞಾನಿಯಾಗಿದ್ದು ನಿವೃತ್ತರಾದವರು, ಬೋರ್ಡಿಗೆ ಬಂದರು. ನಿಯಮ ಮುರಿಯದೆಯೇ ಸಿದ್ದರಾಜು ನಿಯಮದ ಕಣ್ಣಿಗೆ ಮಣ್ಣೆರಚಿದನಲ್ಲ ಅಂತ ಶುಭಾಗೆ ಮೈಯೆಲ್ಲ ಉರಿಯಿತು. ಗೋಡೌನ್ ಪಾಸಾದರೆ ಸಹಿ ಹಾಕುವುದಿಲ್ಲ, ಕೆಲಸ ಬಿಡುತ್ತೇನೆ ಅಂತ ತೀರ್ಮಾನಿಸಿದಳು.

ಆವತ್ತು ಮದ್ದೂರಿನ ಆಫೀಸಿನಲ್ಲಿ ಸಭೆ ಶುರುವಾಯಿತು, ವಡೆ ಬಂತು.

"ಗೋಡೌನ್ ಇಸ್ಯ. ಎಲ್ರೂ ಒಪ್ಪುದಂಗೇ ಅಲ್ವಾ?" ಅಂದ ಸಿದ್ದರಾಜು. ಇಬ್ಬರೂ ತಲೆಯಾಡಿಸಿದರು.

"ಸರ್, ಇದು ನಿಮ್ಮ ಮನೆಯವರ ವಿಷಯ. ಚರ್ಚೆ ಮುಗಿಯೋವರೆಗೆ ನೀವು ಹೊರಗಿರಬೇಕು," ಅಂದಳು ಶುಭಾ.

"ಸುಮ್ಕಿರು ಸುಬಮ್ಮ. ನಮ್ ಬೀಗಿತ್ತಿ ಇರೋ ಕಡೆ ನಾನ್ಯಾಕಮ್ಮ ಆಚ್ಗೋಗ್ಲಿ?"

ಶುಭಾಳ ಕೈ ಬ್ಯಾಗಿನ ಕಡೆಗೆ ಹೋಯಿತು.

"ಬೀಗ್ರೇ," ಅಂದರು ಯಶೋದಮ್ಮ.

ಸಿದ್ದರಾಜುವಿನ ವಡೆ ಬಾಯಿಯ ಹತ್ತಿರವೇ ನಿಂತಿತು.

"ಆ ಉಡ್ಗಿ ಯೋಳ್ತಾವ್ಳಲ್ಲ, ಕೇಳುಸ್ನಿಲ್ವಾ? ಆಚೆ ಓಗಿ."

ಸಿದ್ದರಾಜು ವಡೆ ಹಿಡಿದುಕೊಂಡೇ ಎದ್ದು ಹೊರಗೆ ಹೋದ!

ಮಂಡ್ಯದಲ್ಲೇ ಹುಟ್ಟಿ ಬೆಳೆದ ತನಗೆ ಇದು ಹೊಳೆಯಲಿಲ್ಲವಲ್ಲ ಅಂತ ಶುಭಾಗೆ ನಗು ಬಂತು. ಹೆಣ್ಣು ಕೊಟ್ಟವನು ಗಂಡಿನ ತಾಯಿಯ ಎದುರು ದನಿ ಏರಿಸುವುದುಂಟೇ? ಬೀಗರೂಟದಲ್ಲಿ ಮಾಂಸದ ರುಚಿ ನೋಡಿ "ಇದು ಬಂಡೂರು ಮರಿ ಅಲ್ಲ" ಅಂತ ಯಶೋದಮ್ಮ ಒಂದು ಮಾತು ಅಂದಿದ್ದಕ್ಕೆ, ಇದೇ ಸಿದ್ದರಾಜು ಇಡೀ ಪಂಕ್ತಿಗೆ ಕೈಮುಗಿದುಕೊಂಡು ಓಡಾಡಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು.

"ನಾನು ಮಳವಳ್ಳಿಗೋಗಿ ನೋಡ್ಕಂಡೇ ಬಂದಿವ್ನಿ," ಅಂದರು ಯಶೋದಮ್ಮ. "ಕೆರೆ ಮಗ್ಗುಲು, ನೆಲವೆಲ್ಲ ತೇವ. ಅಲ್ಲಿ ಬೆಲ್ಲ ಇಕ್ಕುದ್ರೆ ಪಾನಕ ಆಯ್ತದೆ. ನನ್ ಒಪ್ಗೆ ಇಲ್ಲ. ನಿಮ್ದು?"

ಆಗ ಮೇಲೆ ಕೆಳಗೆ ಆಡಿದ್ದ ತಲೆಗಳೆರಡೂ ಈಗ ಅಡ್ಡಡ್ಡ ಆಡಿದವು.

ಶುಭಾಗೆ ಎದ್ದು ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೂ ಅಳುಕುತ್ತಲೇ ಕೇಳಿದಳು: "ಅಮ್ಮಾ, ಮನೇಲಿ ನಯನ ಬೇಜಾರು ಮಾಡ್ಕೊಳ್ಳಲ್ವಾ?"

"ಸ್ಕೂಟ್ರಲ್ಲಿ ನನ್ನ ಕೂರುಸ್ಕಂಡು ಓಗಿ ಗೋಡೌನ್ ತೋರ್ಸುದ್ದೇ ಅವ್ಳು ಕಣಮ್ಮ! ಅಪ್ಪಂಗೆ ಬ್ಯಾಡ ಅನ್ನೋ ಧೈರ್ಯ ಯಾರ್ಗೂ ಇಲ್ಲ, ನೀವೇ ಅನ್ಬುಡಿ ಅತ್ತೆ ಅಂದ್ಲು."

ಬಾಗಿಲ ಸಂದಿಯಲ್ಲಿ ಸಿದ್ದರಾಜುವಿನ ಮುಖ ಕಾಣಿಸಿತು. "ಅಕ್ಕಾವ್ರೇ, ಒಳೀಕ್ ಬರ್ಲಾ?"

"ಇನ್ನೊಂಚೂರು ತಡೀರಿ ಬೀಗ್ರೇ. ಈ ಉಡ್ಗಿ ಬರ್ದು ಮುಗುಸ್ಲಿ."

ಅಧ್ಯಕ್ಷರು ನಿಯಮದಂತೆ ಹೊರಗಿದ್ದರು ಅಂತ ಶುಭಾ ನಡಾವಳಿಯಲ್ಲಿ ದುಂಡಗೆ ಬರೆದು ಸಹಿ ಹಾಕಿದಳು. ಆಮೇಲೆ ಬ್ಯಾಗಿನಿಂದ ರಾಜೀನಾಮೆ ಪತ್ರ ತೆಗೆದು, ತಟ್ಟೆಯಲ್ಲಿ ಉಳಿದಿದ್ದ ವಡೆಗಳನ್ನು ಅದರಲ್ಲಿ ಸುತ್ತಿಕೊಂಡಳು. ಸೋದರತ್ತೆಗೆ ಮದ್ದೂರು ವಡೆ ಅಂದರೆ ಪ್ರಾಣ.